ಓದುಗರ ಪ್ರಶ್ನೆ: ಮಾತಾಡದ ಸಿನಿಮಾದಲ್ಲಿ ಏನು ನೋಡಬೇಕು?

ಪ್ರಶ್ನೆ: ಕಲಬುರಗಿಯಲ್ಲಿ ಗೆಳೆಯರು ಏರ್ಪಡಿಸಿದ್ದ ಪ್ರದರ್ಶನದಲ್ಲಿ ರಷ್ಯದ ‘ಇಸ್ಪಿತಾನಿಯೆ’ ಚಿತ್ರವನ್ನು ನೋಡಿದೆ. ಒಂದೂವರೆ ಗಂಟೆ ಕುಳಿತರೂ ಒಂದು ಮಾತು ಕೇಳಲಿಲ್ಲ. ಬಯಲಿನ ಒಂಟಿ ಮನೆಯ ತಂದೆ-ಮಗಳು ಒಬ್ಬರನ್ನೊಬ್ಬರು ‘ಊಟಕ್ಕ ಬಾ’ ಎಂದೂ ಕರೆಯುವುದಿಲ್ಲವೇ? ಇದು ನಿರ್ದೇಶಕರ ಗಿಮಿಕ್ ಅಲ್ಲವೇ? ಕೊನೆಯ ಸ್ಫೋಟ ನಿಜವಾಗಿ ನಡೆದದ್ದೇ?
– ಓದುಗರು, ಔರಾದ್, ಬೀದರ್ ಜಿಲ್ಲೆ

ಉತ್ತರ: ನಿಮ್ಮ ಆಕ್ಷೇಪದಲ್ಲಿ ಅರ್ಧ ನಿಜವಿದೆ. ಅಲೆಕ್ಸಾಂಡರ್ ಕೋಟ್ ನಿರ್ದೇಶನದ, 2014ರ ಈ ಚಿತ್ರದಲ್ಲಿ ಇಬ್ಬರು ಹುಡುಗರು ಒಬ್ಬಳೇ ಹುಡುಗಿಯ ಬೆನ್ನು ಬೀಳುವ ಭಾಗವಿದೆಯಲ್ಲ, ಅಲ್ಲಿ ಪಾತ್ರಗಳು ಬಾಯಿ ಬಿಗಿಹಿಡಿದು ನಿಂತಂತೆ ನನಗೂ ಕಂಡಿತು. ಆ ವಯಸ್ಸಿನವರು ಅಷ್ಟು ಹೊತ್ತು ಸುಮ್ಮನಿರುವುದು ನಂಬುವ ಮಾತಲ್ಲ. ಆದರೆ ಮಳೆಯ ರಾತ್ರಿಯ ದೃಶ್ಯವನ್ನು ನೆನಪಿಸಿಕೊಳ್ಳಿ. ಸೈನಿಕರು ಮನೆಗೆ ನುಗ್ಗುತ್ತಾರೆ, ದಿನವೂ ಲಾರಿ ಹತ್ತಿ ಕೆಲಸಕ್ಕೆ ಹೋಗುವ ಆ ತಂದೆ ಸುರಿಯುವ ಮಳೆಯಲ್ಲಿ ಬರಿಮೈಯಲ್ಲಿ ನಿಲ್ಲುತ್ತಾನೆ, ವಿಕಿರಣ ಅಳೆಯುವ ಯಂತ್ರವನ್ನು ಅವನ ಮೈಗೆ ಹಿಡಿಯುತ್ತಾರೆ. ಅಲ್ಲಿ ಯಾರಾದರೂ ಒಂದು ವಾಕ್ಯ ವಿವರಿಸಿದ್ದರೆ ನಮಗೆ ಸಂಗತಿ ತಿಳಿದುಬಿಡುತ್ತಿತ್ತು, ಅವನಿಗಿಂತ ಮೊದಲೇ. ಹಾಗಾಗದಂತೆ ನೋಡಿಕೊಂಡದ್ದೇ ಈ ಚಿತ್ರದ ಜಾಣತನ ಎಂಬುದು ನನ್ನ ಎಣಿಕೆ. ಬೀದರಿನವರಾದ ನಿಮಗೆ ವಾಯುಪಡೆಯ ತರಬೇತಿ ವಿಮಾನಗಳ ಸದ್ದು ಹೊಸದಲ್ಲ. ಅದು ಎಲ್ಲಿಂದ ಬರುತ್ತದೆ, ಏಕೆ ಬರುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಚಿತ್ರದ ಮನೆಯವರಿಗೆ ಆ ತಿಳಿವಳಿಕೆಯೂ ಇಲ್ಲ.

ಇನ್ನು ಸ್ಫೋಟದ ವಿಷಯ. ತಂದೆ-ಮಗಳ ಕಥೆ ಕಲ್ಪಿತ, ಹಿನ್ನೆಲೆ ಕಲ್ಪಿತವಲ್ಲ. ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು 1949ರ ಆಗಸ್ಟ್ 29ರಂದು ಕಜಾಕಸ್ತಾನದ ಸೆಮಿಪಲಾತಿನ್ಸ್ಕ್ ಬಯಲಿನಲ್ಲಿ ಸಿಡಿಸಿತು. ಗಾಳಿ ಬೀಸಿದ ದಿಕ್ಕಿನಲ್ಲಿದ್ದ ದೊಲೊನ್ ಎಂಬ ಹಳ್ಳಿಯ ಮೇಲೆ ವಿಕಿರಣದ ಧೂಳು ಬಿತ್ತು. ಹಳ್ಳಿಯವರಿಗೆ ಯಾರೂ ಮುನ್ನೆಚ್ಚರಿಕೆ ಕೊಟ್ಟಿರಲಿಲ್ಲ. 1989ರವರೆಗೆ ಅದೇ ನೆಲದಲ್ಲಿ 456 ಪರೀಕ್ಷೆಗಳು ನಡೆದವು, ಅವುಗಳಲ್ಲಿ ನೂರಕ್ಕೂ ಹೆಚ್ಚು ನೆಲದಡಿಯಲ್ಲಲ್ಲ, ನೆಲದ ಮೇಲೆ ಇಲ್ಲವೇ ಗಾಳಿಯಲ್ಲಿ, ಬಯಲಿನಲ್ಲೇ. ಜನರ ಮೇಲಾದ ಪರಿಣಾಮವನ್ನು ಗುಟ್ಟಾಗಿ ಅಭ್ಯಾಸ ಮಾಡಲು 1957ರಲ್ಲಿ ಒಂದು ಚಿಕಿತ್ಸಾಲಯವನ್ನೂ ತೆರೆದರು. ಅದಕ್ಕೆ ಕೊಟ್ಟ ಹೆಸರು ‘ಬ್ರುಸೆಲ್ಲೋಸಿಸ್ ನಿಗ್ರಹ ಚಿಕಿತ್ಸಾಲಯ ಸಂಖ್ಯೆ 4’. ಬ್ರುಸೆಲ್ಲೋಸಿಸ್ ಎಂದರೆ ನಮ್ಮ ರೈತರು ಬಲ್ಲ ದನಗಳ ಕಂದು ರೋಗ. ಒಳಗೆ ಪರೀಕ್ಷಿಸುತ್ತಿದ್ದದ್ದು ವಿಕಿರಣಕ್ಕೆ ಸಿಕ್ಕ ಮನುಷ್ಯರನ್ನು, ಬಾಗಿಲ ಮೇಲಿನ ಹಲಗೆ ಹೇಳುತ್ತಿದ್ದದ್ದು ದನದ ರೋಗವನ್ನು. ಮಾತಾಡಬೇಕಾದವರೇ ಹೀಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಕಾಲದ ಕಥೆಗೆ ಸಂಭಾಷಣೆ ಬರೆಯದಿರುವುದನ್ನು ಗಿಮಿಕ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಈ ಚಿತ್ರವನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ತೋರಿಸಬಹುದೇ? ಮಾತಿಲ್ಲದ ಚಿತ್ರದ ಮುಂದೆ ಅವರು ಕೂರುತ್ತಾರೆಯೇ?
– ಶಿಕ್ಷಕಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಧಾರಾಳವಾಗಿ ತೋರಿಸಿ, ಮಳೆಯ ದೃಶ್ಯ ಮಾತ್ರ ನೀವೊಮ್ಮೆ ಮೊದಲೇ ನೋಡಿರುವುದು ಒಳ್ಳೆಯದು. ‘ಪುಷ್ಪಕ ವಿಮಾನ’ಕ್ಕೆ ಬಿದ್ದು ಬಿದ್ದು ನಕ್ಕ ನಾಡು ನಮ್ಮದು, ಮಾತಿಲ್ಲದ್ದಕ್ಕೆ ಮಕ್ಕಳು ಎದ್ದು ಹೋಗುವುದಿಲ್ಲ. ಚಿತ್ರ ನಿಧಾನವಾಗಿ ಸಾಗುವುದೇ ಕಷ್ಟ, ಆದ್ದರಿಂದ ಎರಡು ದಿನಕ್ಕೆ ಹಂಚಿಕೊಳ್ಳಿ. ಇತಿಹಾಸವನ್ನು ಮೊದಲೇ ಹೇಳಬೇಡಿ. ಸ್ಫೋಟವನ್ನು ಅವರು ಕಂಡಮೇಲೆ ಹೇಳಿ. ಆಗ ಕಜಾಕಸ್ತಾನದ ಕವಿ ಓಲ್ಜಾಸ್ ಸುಲೈಮೆನೊವ್ ಅವರ ಹೆಸರನ್ನೂ ಸೇರಿಸಿ. 1989ರ ಫೆಬ್ರವರಿಯಲ್ಲಿ ಟಿ.ವಿ. ನೇರ ಪ್ರಸಾರದಲ್ಲಿ ಕವಿತೆ ಓದಬೇಕಿದ್ದ ಅವರು, ಅದನ್ನು ಬಿಟ್ಟು ಪರೀಕ್ಷಾ ನೆಲದಿಂದ ವಿಕಿರಣ ಸೋರಿದ ಸುದ್ದಿಯನ್ನು ಹೇಳಿ, ಪರೀಕ್ಷೆ ನಿಲ್ಲಿಸಿ ಎಂದು ಜನರನ್ನು ಕರೆದರು. ಆ ಚಳವಳಿ ಬೆಳೆದು, 1991ರ ಆಗಸ್ಟ್ 29ರಂದು, ಅಂದರೆ ಮೊದಲ ಸ್ಫೋಟ ನಡೆದ ತಾರೀಖಿನಂದೇ, ಆ ನೆಲೆಯನ್ನು ಮುಚ್ಚಲಾಯಿತು.