ಕೈ ಬಿಟ್ಟ ಮೇಲೂ ಕಾರು ಯಾಕೆ ಓಡುತ್ತೆ?

ಪ್ರಶ್ನೆ: ಮಗಳಿಗೆ 5 ವರ್ಷ. ಸ್ಕೂಲಲ್ಲಿ ಪುಶ್, ಪುಲ್ ಅಂತ ಕಲಿಸ್ತಿದಾರೆ. ಮನೇಲಿ ಆಟದ ಕಾರು ದೂಡಿ, "ಅಮ್ಮಾ, ನಾನು ಕೈ ತೆಗ್ದೆ ಅಲ್ವಾ, ಮತ್ತೆ ಯಾಕೆ ಹೋಗ್ತಿದೆ?" ಅಂದ್ಲು. ನೀನು ಕೊಟ್ಟ ಧಕ್ಕಾ ಅದ್ರೊಳಗೆ ಇದೆ, ಖಾಲಿಯಾದಾಗ ನಿಲ್ಲುತ್ತೆ ಅಂದುಬಿಟ್ಟೆ. ಸರಿನಾ?
– ಒಬ್ಬ ಅಮ್ಮ, ಡೊಂಬಿವಲಿ

ಉತ್ತರ: ಸರಿ ಅಲ್ಲಮ್ಮ, ಆದ್ರೆ ಬೇಜಾರು ಮಾಡ್ಕೋಬೇಡಿ. 14ನೇ ಶತಮಾನದಲ್ಲಿ ಪ್ಯಾರಿಸ್‌ನ ಬುರಿಡಾನ್ ಅನ್ನೋ ದೊಡ್ಡ ಪಂಡಿತರೂ ಎಸೆದ ಕೈಯಿಂದ ವಸ್ತುವಿನೊಳಗೆ ಏನೋ ಸೇರ್ಕೊಳ್ಳುತ್ತೆ ಅಂತಾನೇ ಹೇಳಿದ್ರು, ಗೆಲಿಲಿಯೋ ಬಂದು ಆಮೇಲೆ 1687ರಲ್ಲಿ ನ್ಯೂಟನ್ ಚಲನೆಯ ನಿಯಮ ಬರೆದ ಮೇಲೇ ಇದು ಸ್ಪಷ್ಟವಾಗಿದ್ದು. ನಿಮ್ಮ ಮಗಳು ಕೇಳಿದ್ದು ಅಷ್ಟು ಒಳ್ಳೆ ಪ್ರಶ್ನೆ.

ಮಂಗಳೂರು ಕಡೆಯವರು ದೂಡು ಅಂತೀವಿ, ಮೈಸೂರಿನವರು ತಳ್ಳು, ಧಾರವಾಡದವರು ದಬ್ಬು, ನಿಮ್ಮ ಬಿಲ್ಡಿಂಗಿನ ಮಕ್ಕಳು ಧಕ್ಕಾ ಅಂತಾರೆ. ಯಾವ ಮಾತಾದ್ರೂ ಇರ್ಲಿ, ಕೈ ಮುಟ್ಟಿರೋವರೆಗೆ ಮಾತ್ರ ಅದು ದೂಡೋದು. ನಿಂತಿದ್ದ ಕಾರನ್ನ ಹೊರಡಿಸೋಕೆ ಕೈ ಬೇಕು, ಹೊರಟ ಮೇಲೆ ಹೋಗ್ತಾ ಇರೋಕೆ ಯಾರೂ ಬೇಡ. ನಿಲ್ಸೋಕೆ ಇನ್ನೊಬ್ರು ಬೇಕು! ಆ ಇನ್ನೊಬ್ರು ನೆಲ, ಅಂದ್ರೆ ಘರ್ಷಣೆ. ಮಗುವಿಗೆ ಆ ಪದ ಈಗ್ಲೇ ಬೇಡ, "ನೆಲ ಹಿಡ್ಕೊಳ್ಳುತ್ತೆ" ಅಂದ್ರೆ ಸಾಕು.

ಹೇಳೋದಕ್ಕಿಂತ ಕ್ಯಾರಂ ಬೋರ್ಡ್ ಇಳಿಸಿ. ಪೌಡರ್ ಹಾಕ್ದೇ ಒಂದು ಪಾನ್ ಇಟ್ಟು, "ಎಲ್ಲಿ ನಿಲ್ಲುತ್ತೆ, ಬೆರಳಿಟ್ಟು ತೋರ್ಸು" ಅಂತ ಮೊದ್ಲೇ ಕೇಳಿ, ಆಮೇಲೆ ಹೊಡೆಸಿ, ಅದು ಕರ್ರ್ ಅಂತ ಅರ್ಧದಲ್ಲೇ ನಿಲ್ಲುತ್ತೆ. ಈಗ ಒಂದು ಚಿಟಿಕೆ ಅಕ್ಕಿಹಿಟ್ಟು ಸವರಿ, ಅಷ್ಟೇ ಜೋರಲ್ಲಿ ಹೊಡೆಸಿ, ಸದ್ದೇ ಇಲ್ದೆ ಜಾರಿ ಆ ಕಡೆ ಕಟ್ಟೆಗೆ ಟಕ್ ಅಂತ ಬಡಿಯುತ್ತೆ. ಧಕ್ಕಾ ಹೆಚ್ಚಾಗಿಲ್ಲ, ಹಿಡ್ಕೊಳ್ಳೋದು ಕಮ್ಮಿಯಾಯ್ತು. ಇದನ್ನ ನೀವು ಹೇಳ್ಬೇಡಿ, ಅವಳ ಬಾಯಲ್ಲೇ ಬರ್ಲಿ, ಎರಡು ದಿನ ಆದ್ರೂ ಪರವಾಗಿಲ್ಲ. (ಬೋರಿಕ್ ಪೌಡರ್ ಬೇಡ, ಹೊಟ್ಟೆಗೆ ಹೋದ್ರೆ ವಿಷ.)

ಇನ್ನೊಂದು, ಸ್ಟೀಲ್ ಡಬ್ಬ. ಖಾಲಿ ಡಬ್ಬ ಒಂದು ಬೆರಳಿಗೇ ಓಡುತ್ತೆ, ಅದೇ ಡಬ್ಬಕ್ಕೆ ಅಕ್ಕಿ ತುಂಬ್ಸಿ ಕೊಟ್ರೆ ಆ ಪುಟ್ಟ ಬೆರಳ ತುದಿ ಬೆಳ್ಳಗಾಗೋವರೆಗೂ ಒತ್ತಿದ್ರೂ ಅಲ್ಲಾಡಲ್ಲ, ಆಮೇಲೆ ಎರಡೂ ಕೈ ಹಾಕ್ತಾಳೆ. ಭಾರ ಜಾಸ್ತಿ ಇದ್ರೆ ಜಾಸ್ತಿ ದೂಡ್ಬೇಕು ಅನ್ನೋದು ಆ ಬೆರಳಿಗೇ ಗೊತ್ತಾಗುತ್ತೆ. ಅಲ್ಲಾಡದೇ ಇದ್ದಾಗ "ನೀನು ದೂಡಿಲ್ಲ" ಅನ್ಬೇಡಿ, ದೂಡಿದ್ದಾಳೆ, ನೆಲನೂ ಅಷ್ಟೇ ಜೋರಾಗಿ ಹಿಡ್ಕೊಂಡಿದೆ, ಅಷ್ಟೇ.

ಲೋಕಲ್ ಟ್ರೇನಲ್ಲಿ ರಶ್ ಇಲ್ಲದ ಹೊತ್ತಲ್ಲಿ ಕೂತಾಗ ನೆಲದ ಮೇಲೆ ಯಾರೋ ಬಿಟ್ಟ ಖಾಲಿ ಬಾಟ್ಲಿ ಇದ್ರೆ ತೋರ್ಸಿ. ಠಾಣೆ ಹತ್ರ ಬ್ರೇಕ್ ಬಿದ್ದಾಗ ಅದು ತಾನೇ ಮುಂದಕ್ಕೆ ಉರುಳುತ್ತೆ. ಅದನ್ನ ಯಾರು ದೂಡಿದ್ರು ಕೇಳಿ. ಯಾರೂ ಇಲ್ಲ, ಗಾಡಿ ನಿಲ್ತಾ ಬಂತು, ಬಾಟ್ಲಿ ಮೊದ್ಲಿನ ಹಾಗೇ ಹೋಗ್ತಾ ಇದೆ.

ಸ್ವಲ್ಪ ದೊಡ್ಡವಳಾದ್ಮೇಲೆ ವಾಯೇಜರ್ 1 ಅನ್ನೋ ಬಾಹ್ಯಾಕಾಶ ನೌಕೆಯ ಕತೆ ಹೇಳಿ. 1977ರಲ್ಲಿ ಹಾರಿಸಿದ್ದು, ಈಗ ಹಿಂದಿಂದ ದೂಡೋಕೆ ಯಾವ ಎಂಜಿನ್ನೂ ಇಲ್ಲ, ಆದ್ರೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋಗ್ತಾನೇ ಇದೆ, ಅಲ್ಲಿ ಹಿಡ್ಕೊಳ್ಳೋಕೆ ನೆಲ ಇಲ್ವಲ್ಲ.

ಇವತ್ತು ಮಾತ್ರ ಮಗಳನ್ನ ಕೂರಿಸ್ಕೊಂಡು, "ಅವತ್ತು ಅಮ್ಮ ತಪ್ಪು ಹೇಳಿದ್ದೆ, ಬಾ ನೋಡೋಣ" ಅಂತ ಆ ಕಾರನ್ನ ಒಮ್ಮೆ ಟೈಲ್ಸ್ ಮೇಲೆ, ಒಮ್ಮೆ ಹೊದಿಕೆ ಮೇಲೆ ಬಿಡಿಸಿ.