ಕಬಾನಾ ಬಾಡಿಗೆಯ ಮೇಲೆ ಶೇಕಡಾ ಲೆಕ್ಕ ಹಾಕಬೇಡಿ, ಟಿಪ್ಸ್ ಕೈಗೇ ಕೊಡಿ

ಕ್ರೂಸ್ ಕಂಪನಿಯ ಖಾಸಗಿ ದ್ವೀಪದಲ್ಲಿ ಮನೆಯವರಿಗೆಲ್ಲ ಸೇರಿ ಒಂದು ಕಬಾನಾ, ಅಂದರೆ ಕಡಲತೀರದಲ್ಲಿ ದಿನದ ಬಾಡಿಗೆಗೆ ಸಿಗುವ ನೆರಳಿನ ಗುಡಿಸಲು, ಕಾಯ್ದಿರಿಸಿದ್ದೀರಿ. ಅಷ್ಟು ಬಾಡಿಗೆ ತೆತ್ತ ಮೇಲೂ ಅಲ್ಲಿನ ಪರಿಚಾರಕರಿಗೆ ಟಿಪ್ಸ್ ಕೊಡಬೇಕೇ, ಕೊಡುವುದಾದರೆ ಬಾಡಿಗೆಯ ಶೇಕಡಾ ಎಷ್ಟು, ಮೊದಲೇ ಕೊಟ್ಟರೆ ಸೇವೆ ಚೆನ್ನಾಗಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಹೊರಡುವ ಮುಂಚೆ ನನ್ನ ತಲೆಯಲ್ಲಿ ಇದ್ದದ್ದೂ ಇವೇ ಪ್ರಶ್ನೆಗಳು. ಆ ದಿನ ಟಿಪ್ಸ್ ಎಂದು ನಾನು ಖರ್ಚು ಮಾಡಿದ ಹಣ ಕಡಿಮೆಯೇನಲ್ಲ. ಅದರಲ್ಲಿ ಒಂದು ಡಾಲರ್ ಕೂಡ ಸೇರಬೇಕಾದವರನ್ನು ಸೇರಲಿಲ್ಲ.

ಬಹಾಮಾಸ್‌ನ ಒಂದು ದ್ವೀಪವದು. ಕಂಪನಿ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಕಬಾನಾ ತೆಗೆದುಕೊಂಡದ್ದು ಅಮ್ಮನಿಗಾಗಿ. ಅವರಿಗೆ ಮಂಡಿನೋವು, ಬಿಸಿಲು ಸ್ವಲ್ಪವೂ ಆಗುವುದಿಲ್ಲ, ಆದರೆ ಸಮುದ್ರದಲ್ಲಿ ಕಾಲು ಇಳಿಬಿಟ್ಟು ಕೂರಬೇಕೆಂಬ ಆಸೆ ಬಹಳ ದಿನದ್ದು. ಮರದ ಕಟ್ಟೆಯ ಮೇಲೆ ನಿಂತ ಪುಟ್ಟ ಗುಡಿಸಲು. ಒಳಗೆ ಒಂದು ಸೋಫಾ, ಒರಗು ಕುರ್ಚಿಗಳು, ಫ್ಯಾನ್, ಐಸ್ ತುಂಬಿದ ಪೆಟ್ಟಿಗೆಯಲ್ಲಿ ನೀರಿನ ಬಾಟಲಿಗಳು, ಒಂದು ತಟ್ಟೆ ಹಣ್ಣು. ನಮ್ಮ ಪಾಲಿಗೆ ಬಂದ ಪರಿಚಾರಕಿ ಅಕ್ಕಪಕ್ಕದ ಇನ್ನೂ ಕೆಲವು ಕಬಾನಾಗಳನ್ನು ನೋಡಿಕೊಳ್ಳುತ್ತಿದ್ದರು.

ಕಬಾನಾದಿಂದ ನೀರಿಗೆ ಹೆಚ್ಚು ದೂರವಿರಲಿಲ್ಲ. ಆದರೆ ಬಿಸಿಲೇರುವ ಹೊತ್ತಿಗೆ ಮರಳು ಕಾದ ಹೆಂಚಾಗಿತ್ತು. ಅಮ್ಮ ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟು ಹಿಂದಕ್ಕೆ ಬಂದರು. ಚಪ್ಪಲಿ ಹಾಕಿದರೆ ಅದು ಮರಳಲ್ಲಿ ಹೂತು ಮಂಡಿ ಹೊರಳುತ್ತಿತ್ತು. ನಾವು ಅಣ್ಣತಮ್ಮಂದಿರು ಎತ್ತಿಕೊಂಡು ಹೋಗೋಣವೇ ಎಂದು ಮಾತಾಡಿಕೊಳ್ಳುತ್ತಿರುವಾಗಲೇ ಆ ಪರಿಚಾರಕಿ ಒಂದು ಕಂತೆ ಟವೆಲ್ ತಂದರು. ಒಂದೊಂದನ್ನೇ ಐಸ್ ಕರಗಿದ ನೀರಿನಲ್ಲಿ ಅದ್ದಿ, ಹಿಂಡದೆ, ಮೆಟ್ಟಿಲಿನಿಂದ ಮುಂದಕ್ಕೆ ಸಾಲಾಗಿ ಹಾಸಿದರು. ಟವೆಲ್ ಸಾಲದಾದಾಗ ಅಮ್ಮ ದಾಟಿದ್ದನ್ನು ಹಿಂದಿನಿಂದ ಎತ್ತಿ ಮತ್ತೆ ಮುಂದೆ ಹಾಸಿದರು. ಹೀಗೆ ನೀರಿನ ಅಂಚಿನವರೆಗೆ. ಅಲ್ಲಿ ಕುರ್ಚಿ, ಛತ್ರಿ ಮೊದಲೇ ಸಿದ್ಧವಾಗಿದ್ದವು. ಆಮೇಲೂ ಬಿಸಿಲು ಸರಿದಂತೆಲ್ಲ ಬಂದು ಛತ್ರಿಯನ್ನು ತಿರುಗಿಸಿ ಹೋಗುತ್ತಿದ್ದರು. ಅಮ್ಮ ಮಾಂಸ ಮುಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ಅಡುಗೆಯವರನ್ನು ವಿಚಾರಿಸಿ ಬೇರೆ ತಟ್ಟೆ ಹಾಕಿಸಿಕೊಂಡು ಬಂದರು. ಇದ್ಯಾವುದನ್ನೂ ನಾವು ಕೇಳಿರಲಿಲ್ಲ.

ಈಗ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಬಿದ್ದವನಿಗೆ ಬಿದ್ದದ್ದೇ ಗೊತ್ತಾಗುವುದಿಲ್ಲ.

ದ್ವೀಪದಲ್ಲೂ ಹಡಗಿನ ಕಾರ್ಡೇ ನಡೆಯುತ್ತದೆ, ಖರ್ಚೆಲ್ಲ ಹಡಗಿನ ಖಾತೆಗೆ ಸೇರುತ್ತದೆ. ಪಾನೀಯ ಬೇಕೆಂದರೆ ಆ ಪರಿಚಾರಕಿಗೆ ಹೇಳುತ್ತಿದ್ದೆವು. ಅವರು ಬಾರ್‌ಗೆ ತಿಳಿಸುತ್ತಿದ್ದರು, ಲೋಟಗಳನ್ನು ಕೆಲವೊಮ್ಮೆ ಅವರೇ ತರುತ್ತಿದ್ದರು, ಕೆಲವೊಮ್ಮೆ ಬಾರ್‌ನ ಹುಡುಗ ತರುತ್ತಿದ್ದ. ಜೊತೆಗೊಂದು ರಸೀದಿ ಬರುತ್ತಿತ್ತು. ಮೇಲೆ ಪಾನೀಯದ ಬೆಲೆ, ಅದರ ಕೆಳಗೆ ಶೇಕಡಾ 18 ಗ್ರಾಚ್ಯುಯಿಟಿ, ಅಂದರೆ ಕಂಪನಿಯೇ ಬಿಲ್ಲಿಗೆ ಸೇರಿಸುವ ಟಿಪ್ಸ್, ಮೊದಲೇ ಮುದ್ರಿತ, ಅದರ ಕೆಳಗೆ ಹೆಚ್ಚುವರಿ ಟಿಪ್ಸ್‌ಗೆಂದು ಒಂದು ಖಾಲಿ ಗೆರೆ, ಕೊನೆಗೆ ಮೊತ್ತ ಮತ್ತು ಸಹಿ. ಆ ಖಾಲಿ ಗೆರೆ ಕಂಡ ಕೂಡಲೇ ನನಗೆ ನೆಮ್ಮದಿಯಾಯಿತು. ಕಬಾನಾದ ಪರಿಚಾರಕಿಗೆ ಕೊಡುವ ದಾರಿ ಇದೇ ಎಂದು ತೀರ್ಮಾನಿಸಿದೆ. ಅಮ್ಮನಿಗಾಗಿ ಅವರು ಒಂದೊಂದು ಕೆಲಸ ಮಾಡಿದಾಗಲೂ ಮುಂದಿನ ರಸೀದಿಯ ಗೆರೆಯಲ್ಲಿ ಅಂಕಿಯನ್ನು ಏರಿಸುತ್ತಾ ಹೋದೆ. ಐದು ಡಾಲರ್, ಎಂಟು ಡಾಲರ್, ಊಟದ ಹೊತ್ತಿಗೆ ಹದಿನೈದು. ಟವೆಲ್ ಹಾಸಿದ ಕೈಗೇ ಆ ಹಣ ಹೋಗುತ್ತಿದೆ ಎಂದು ನಂಬಿದ್ದೆ.

ಆ ರಸೀದಿ ಬಾರ್‌ನದು. ತಲೆಯಲ್ಲಿ, ದಿನಾಂಕದ ಪಕ್ಕ, ಸಣ್ಣ ಅಕ್ಷರದಲ್ಲಿ ಒಂದು ಹೆಸರು, ಒಂದು ಸಂಖ್ಯೆ ಇರುತ್ತದೆ. ಬಿಲ್ ತೆರೆದ ಬಾರ್ ನೌಕರನ ಗುರುತು ಅದು. ನಾನು ಸಹಿ ಹಾಕಿದ ಪ್ರತಿ ರಸೀದಿಯ ಮೇಲೂ ಅದಿತ್ತು, ಒಂದು ಸಲವೂ ಓದಲಿಲ್ಲ. ಓದಿದ್ದರೆ ಅಲ್ಲಿದ್ದದ್ದು ಗಂಡಸಿನ ಹೆಸರು, ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಹೆಂಗಸು ಎಂಬುದಾದರೂ ಕಣ್ಣಿಗೆ ಬೀಳುತ್ತಿತ್ತು. ಬಾರ್‌ನವನಿಗೆ ಹಣ ಹೋದದ್ದಕ್ಕೆ ನನಗೆ ಬೇಸರವಿಲ್ಲ, ಅವನೂ ಬಿಸಿಲಲ್ಲೇ ದುಡಿಯುತ್ತಿದ್ದ. ಆದರೆ ಅದು ಆತನಿಗೆಂದು ಬರೆದದ್ದಾಗಿರಲಿಲ್ಲ.

ಸಂಜೆ ಹಡಗಿಗೆ ಮರಳುವ ದೋಣಿಯ ಸಾಲಿನವರೆಗೂ ಆಕೆ ಅಮ್ಮನ ಮೊಣಕೈ ಹಿಡಿದುಕೊಂಡು ಬಂದರು. ನಾನು ಕೈಕುಲುಕಿ ಧನ್ಯವಾದ ಹೇಳಿದೆ. ಜೇಬಿನಲ್ಲಿ ನೋಟುಗಳಿದ್ದವು, ತೆಗೆಯಲಿಲ್ಲ. ರಸೀದಿಯಲ್ಲಿ ಕೊಟ್ಟಾಗಿದೆ ಎಂಬ ಧೈರ್ಯ.

ರಾತ್ರಿ ಕೋಣೆಯ ಟಿವಿಯಲ್ಲಿ ಲೆಕ್ಕ ನೋಡುವಾಗ ಅದೇ ಗಂಡಸಿನ ಹೆಸರು ಮತ್ತೆ ಮತ್ತೆ ಕಂಡಿತು. ಅತಿಥಿ ಸೇವೆಯ ಮೇಜಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ತಾಳ್ಮೆಯಿಂದ ವಿವರಿಸಿದರು: ರಸೀದಿಯ ಟಿಪ್ಸ್ ಬಾರ್ ವಿಭಾಗದ್ದು, ಕಬಾನಾದವರು ಬೇರೆ ವಿಭಾಗ, ಅಷ್ಟೇ ಅಲ್ಲ, ಆ ಪರಿಚಾರಕಿ ದ್ವೀಪದಲ್ಲೇ ಇರುವ ಸಿಬ್ಬಂದಿ, ಹಡಗಿನ ಜೊತೆ ಬರುವವರಲ್ಲ. ಹಡಗು ಆಗಲೇ ಸಮುದ್ರದ ಮಧ್ಯೆ ಇತ್ತು. ಲಕೋಟೆಯಲ್ಲಿ ಹಣ ಇಟ್ಟುಕೊಡುತ್ತೇನೆ, ಮುಂದಿನ ಸಲ ಹೋದಾಗ ತಲುಪಿಸಿ ಎಂದೆ. ಹಾಗೆ ನಗದು ಒಯ್ಯುವ ವ್ಯವಸ್ಥೆ ಇಲ್ಲ, ಆದರೆ ಅವರ ಹೆಸರು ಹೇಳಿದರೆ ಮೆಚ್ಚುಗೆಯನ್ನು ದಾಖಲಿಸುತ್ತೇವೆ ಎಂದರು. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು, ಅದರ ಕೆಳಗೆ ದೇಶ, ಎರಡೂ ದಿನವಿಡೀ ನನ್ನ ಕಣ್ಣೆದುರೇ ಇದ್ದವು. ನನಗೆ ದೇಶ ನೆನಪಿತ್ತು, ಹೆಸರು ನೆನಪಿರಲಿಲ್ಲ. ಅಮ್ಮನನ್ನು ಕೇಳಿದೆ. ಅವರು ಆಕೆಯನ್ನು ದಿನವೆಲ್ಲ ಮಗಳೇ ಎಂದೇ ಕರೆದಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆಯ ಮೂಲವನ್ನೇ ನಾನು ಒಪ್ಪುವುದಿಲ್ಲ. ಬಾಡಿಗೆಯ ಶೇಕಡಾ ಎಷ್ಟು ಎಂದು ಕೇಳುವುದೇ ಸರಿಯಲ್ಲ. ಖಾಸಗಿ ದ್ವೀಪದ ಕಬಾನಾ ಬಾಡಿಗೆ ನೂರಾರು ಡಾಲರ್‌ನಿಂದ ಶುರುವಾಗುತ್ತದೆ. ರಾಯಲ್ ಕೆರಿಬಿಯನ್‌ನವರು 2019ರಲ್ಲಿ ನವೀಕರಿಸಿ ತೆರೆದ ತಮ್ಮ ಖಾಸಗಿ ದ್ವೀಪ ಕೊಕೊಕೇಯಲ್ಲಿ ನೀರಿನ ಮೇಲೆ ನಿಂತಿರುವ ಕಬಾನಾಗಳು ಸಾವಿರ ಡಾಲರ್ ದಾಟಿದ್ದೂ ಉಂಟು. ಆ ಬೆಲೆ ಏರುವುದು ಇಳಿಯುವುದು ರಜೆಯ ಸಮಯ, ಬೇಡಿಕೆ, ಕಬಾನಾ ಇರುವ ಜಾಗ ನೋಡಿಕೊಂಡು. ಪರಿಚಾರಕರ ದುಡಿಮೆಗೂ ಅದಕ್ಕೂ ಸಂಬಂಧವಿಲ್ಲ. 800 ಡಾಲರ್ ಬಾಡಿಗೆಗೆ ಶೇಕಡಾ 18 ಎಂದರೆ 144 ಡಾಲರ್. ಈ ಅಂಕಿ ನೋಡಿ ಗಾಬರಿಯಾದವರು ಕೊನೆಗೆ ಏನನ್ನೂ ಕೊಡದೆ ಬರುವುದನ್ನು ಕಂಡಿದ್ದೇನೆ. ಜನ ಎಷ್ಟು, ಗಂಟೆ ಎಷ್ಟು, ಆ ವ್ಯಕ್ತಿ ನಿಮಗಾಗಿ ಎಷ್ಟು ಸಲ ಬಿಸಿಲಲ್ಲಿ ನಡೆದರು, ಇದನ್ನು ನೋಡಿ. ಇಬ್ಬರೇ ಇದ್ದು, ಆಗಾಗ ಬಂದು ವಿಚಾರಿಸಿದ್ದಷ್ಟೇ ಆದರೆ 20 ಡಾಲರ್. ನಿಮ್ಮ ಹಾಗೆ ತುಂಬಿದ ಕುಟುಂಬ, ಮಕ್ಕಳು, ಹಿರಿಯರು, ಪದೇ ಪದೇ ಬೇಡಿಕೆ ಇದ್ದರೆ 40ರಿಂದ 60. ನನ್ನ ಅಮ್ಮನಿಗೆ ಸಿಕ್ಕಂಥ ಸೇವೆ ಸಿಕ್ಕರೆ ಅದಕ್ಕೂ ಹೆಚ್ಚು. ಇದಕ್ಕೆ ಲಿಖಿತ ನಿಯಮವೇನೂ ಇಲ್ಲ, ನಾನು ಈಗ ಪಾಲಿಸುವ ಲೆಕ್ಕ ಇದು.

ಬಾಡಿಗೆಯಲ್ಲೇ ಸೇವೆ ಸೇರಿದೆಯಲ್ಲ ಎನ್ನುತ್ತೀರಿ. ಬಾಡಿಗೆಯಲ್ಲಿ ಸೇರಿರುವುದು ಸವಲತ್ತು. ನೆರಳು, ಕುರ್ಚಿ, ಟವೆಲ್, ನೀರು, ಕೆಲವು ಕಡೆ ಹಣ್ಣು ಮತ್ತು ಕುರುಕಲು, ತೇಲುವ ಹಾಸಿಗೆ, ನೀರೊಳಗೆ ನೋಡಲು ಸ್ನಾರ್ಕೆಲ್ ಸಲಕರಣೆ. ಡಿಸ್ನಿಯವರ ಖಾಸಗಿ ದ್ವೀಪ ಕ್ಯಾಸ್ಟವೇ ಕೇಯ ಕಬಾನಾಗಳಲ್ಲಿ ತಂಪು ಪಾನೀಯ ತುಂಬಿದ ಫ್ರಿಜ್, ಸನ್‌ಸ್ಕ್ರೀನ್, ಬೈಸಿಕಲ್ ಬಳಕೆ ಕೂಡ ಸೇರುತ್ತವೆ. ಮದ್ಯಕ್ಕೆ ಸಾಮಾನ್ಯವಾಗಿ ಎಲ್ಲ ಕಡೆಯೂ ಬೇರೆ ದುಡ್ಡು. ಹಡಗಿನಲ್ಲಿ ಕುಡಿಯಲು ಮೊದಲೇ ದುಡ್ಡು ಕಟ್ಟಿ ಪಡೆದ ಪಾನೀಯ ಪ್ಯಾಕೇಜ್ ದ್ವೀಪದಲ್ಲಿ ನಡೆಯುತ್ತದೆಯೇ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಗಾಗಿ ಹೊರಡುವ ಮುಂಚೆಯೇ ಕೇಳಿಕೊಳ್ಳಿ. ಸಲಕರಣೆ ಏನು ಸೇರಿದೆ ಎಂಬ ಪಟ್ಟಿಯನ್ನು ಬುಕಿಂಗ್ ಪುಟದಲ್ಲೇ ಓದಿ, ಅದರಲ್ಲಿ ಗ್ರಾಚ್ಯುಯಿಟಿ ಸೇರಿದೆ ಎಂಬ ಸಾಲು ಇದೆಯೇ ಎಂದು ಬೆರಳಿಟ್ಟು ನೋಡಿ. ಇದ್ದರೆ ನಿಮ್ಮ ಲೆಕ್ಕವನ್ನು ಇಳಿಸಿಕೊಳ್ಳಿ. ಇಲ್ಲದಿದ್ದರೆ ಸೇರಿಲ್ಲ ಎಂದೇ ಅರ್ಥ.

ಇನ್ನೊಂದು ಗೊಂದಲ ದಿನದ ಗ್ರಾಚ್ಯುಯಿಟಿಯದು. ಬಹುತೇಕ ದೊಡ್ಡ ಹಡಗುಗಳಲ್ಲಿ ತಲೆಗೆ ಇಷ್ಟು ಎಂದು ಪ್ರತಿದಿನ ಖಾತೆಗೆ ಹಾಕುತ್ತಾರಲ್ಲ, ಅದು ಹಂಚಿಕೆಯಾಗುವುದು ಮುಖ್ಯವಾಗಿ ಕೋಣೆ ನೋಡಿಕೊಳ್ಳುವವರು, ಊಟದ ಸಭಾಂಗಣದವರು ಮತ್ತು ತೆರೆಮರೆಯಲ್ಲಿ ದುಡಿಯುವ ಹೋಟೆಲ್ ಸಿಬ್ಬಂದಿಯ ನಡುವೆ. ಪಾನೀಯದ ಮೇಲಿನ ಶೇಕಡಾವಾರು ಮೊತ್ತ ಬೇರೆಯದು. ರಾಯಲ್ ಕೆರಿಬಿಯನ್‌ನಲ್ಲಿ ಅದು 18, ನಾರ್ವೇಜಿಯನ್‌ನಲ್ಲಿ 20. ದಿನದ ಗ್ರಾಚ್ಯುಯಿಟಿ, ಪಾನೀಯದ ಶೇಕಡಾ, ಈ ಎರಡರಲ್ಲಿ ಯಾವುದೂ ದ್ವೀಪದ ಕಬಾನಾ ಪರಿಚಾರಕರಿಗೆ ತಲುಪುತ್ತದೆ ಎಂದು ನೀವಾಗಿಯೇ ಊಹಿಸಿಕೊಳ್ಳಬೇಡಿ. ಹಡಗು ಹತ್ತಿದ ಮೊದಲ ದಿನವೇ ಅತಿಥಿ ಸೇವೆಯವರನ್ನು ಕೇಳಿ, ಉತ್ತರ ಒಂದು ನಿಮಿಷದ್ದು. ಹಾಗೆಯೇ, ಕಬಾನಾದಲ್ಲಿ ಕೈತುಂಬ ಕೊಡುತ್ತೇನೆಂದು ದಿನದ ಗ್ರಾಚ್ಯುಯಿಟಿಯನ್ನು ಖಾತೆಯಿಂದ ತೆಗೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿಂಗಳುಗಟ್ಟಲೆ ಒಪ್ಪಂದದ ಮೇಲೆ, ವಾರದ ಏಳೂ ದಿನ ದುಡಿಯುವ, ನಿಮ್ಮ ಕಣ್ಣಿಗೇ ಬೀಳದ ಜನರ ಪಾಲು ಅದು.

ಮೊದಲೇ ಕೊಟ್ಟರೆ ಸೇವೆ ಚೆನ್ನಾಗಿ ಸಿಗುತ್ತದೆಯೇ ಎಂಬ ಪ್ರಶ್ನೆ ನನಗೆ ಹಿಡಿಸಲಿಲ್ಲ. ಆಮಿಷವಾಗಿ ಹಿಡಿದ ನೋಟು ಇಬ್ಬರಿಗೂ ಮುಜುಗರ. ಆದರೆ ಕೊನೆಯ ಗಳಿಗೆಯವರೆಗೂ ಕಾಯಬೇಡಿ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಹೊರಡುವ ಹೊತ್ತಿಗೆ ದ್ವೀಪವೆಲ್ಲ ಗಡಿಬಿಡಿ. ನಿಮ್ಮ ಪರಿಚಾರಕರು ಬೇರೆ ಕಬಾನಾದಲ್ಲಿರಬಹುದು, ಪಾಳಿ ಬದಲಾಗಿರಬಹುದು, ನೀವು ಮಕ್ಕಳ ಒದ್ದೆ ಬಟ್ಟೆ ತುಂಬುತ್ತಿರುತ್ತೀರಿ. ಮಧ್ಯಾಹ್ನದ ಊಟ ಮುಗಿದ ಹೊತ್ತು ಸರಿಯಾದದ್ದು. ಅಷ್ಟರಲ್ಲಿ ಅವರ ಕೆಲಸ ನೋಡಿರುತ್ತೀರಿ, ಹೆಸರು ಗೊತ್ತಾಗಿರುತ್ತದೆ. ಹೆಸರು ಹಿಡಿದು ಕರೆದು, ಇದು ನಿಮಗೇ ಎಂದು ಬಾಯಿಬಿಟ್ಟು ಹೇಳಿ ಕೊಡಿ. ಇಬ್ಬರು ನೋಡಿಕೊಳ್ಳುತ್ತಿದ್ದರೆ ಇಬ್ಬರಿಗೂ ಬೇರೆ ಬೇರೆಯಾಗಿ ಕೊಡಿ. ಹಂಚಿಕೊಳ್ಳಿ ಎಂದು ಒಬ್ಬರ ಕೈಗೆ ಹಾಕಬೇಡಿ. ಸಂಜೆ ಇನ್ನೂ ಏನಾದರೂ ಮಾಡಿದರೆ ಇನ್ನೊಂದು ನೋಟು ಕೊಡುವುದಕ್ಕೆ ಅಡ್ಡಿಯೇನಿದೆ?

ನಗದು ಅಮೆರಿಕನ್ ಡಾಲರ್‌ನಲ್ಲೇ ಇರಲಿ. ಬಹಾಮಾಸ್‌ನ ಡಾಲರ್ ಅದಕ್ಕೆ ಸಮಸಮವಾಗಿ ನಿಗದಿಯಾಗಿರುವುದರಿಂದ ಅಲ್ಲಿನವರಿಗೂ ತೊಂದರೆಯಿಲ್ಲ. ಐದು, ಹತ್ತು, ಇಪ್ಪತ್ತರ ನೋಟುಗಳನ್ನು ಹಿಂದಿನ ಸಂಜೆಯೇ ಹಡಗಿನಲ್ಲಿ ಬದಲಾಯಿಸಿಕೊಂಡು ನೀರು ತಾಗದ ಚೀಲದಲ್ಲಿಡಿ. ದ್ವೀಪಕ್ಕೆ ಇಳಿಯುವ ದಿನ ಬೆಳಿಗ್ಗೆ ಅತಿಥಿ ಸೇವೆಯ ಮೇಜಿನ ಮುಂದೆ ಸಾಲು ಉದ್ದ.

ಹಡಗಿನ ಮೇಲ್ಛಾವಣಿಯಲ್ಲಿರುವ ಕಬಾನಾ ಆದರೆ ಸಂಗತಿ ಸ್ವಲ್ಪ ಬೇರೆ. ಹಾಲೆಂಡ್ ಅಮೆರಿಕಾ ಲೈನ್‌ನ ರಿಟ್ರೀಟ್‌ನಂಥವನ್ನು ಇಡೀ ಪ್ರಯಾಣಕ್ಕೇ ಬಾಡಿಗೆಗೆ ಪಡೆಯಬಹುದು. ಅಲ್ಲಿ ಅದೇ ಮುಖಗಳು ಮತ್ತೆ ಮತ್ತೆ ಸಿಗುತ್ತವೆ, ಹೆಸರು ತಾನಾಗಿಯೇ ಬಾಯಿಗೆ ಬರುತ್ತದೆ. ಮೊದಲ ದಿನದ ಕೊನೆಗೆ ಸ್ವಲ್ಪ, ಕೊನೆಯ ದಿನಕ್ಕೆ ಮುಂಚೆ ಉಳಿದದ್ದು ಕೊಟ್ಟರೆ ಸಾಕು. ಇಳಿಯುವ ದಿನದ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ, ಅವತ್ತು ಅವರು ಸಿಗುವುದಿಲ್ಲ.

ಸಿಲ್ವರ್‌ಸೀ, ಸೀಬೋರ್ನ್‌ನಂಥ ದುಬಾರಿ ಹಡಗುಗಳು ಗ್ರಾಚ್ಯುಯಿಟಿಯನ್ನು ಪ್ರಯಾಣದರದಲ್ಲೇ ಸೇರಿಸಿರುತ್ತವೆ. ಅಂಥಲ್ಲಿ ನೀವು ನೋಟು ಚಾಚಿದಾಗ ಪರಿಚಾರಕರು ಬೇಡವೆಂದರೆ ಒತ್ತಾಯ ಮಾಡಬೇಡಿ. ಅವರ ಹೆಸರು, ದಿನಾಂಕ, ಅವರು ಮಾಡಿದ ಕೆಲಸವನ್ನು ಒಂದೆರಡು ವಾಕ್ಯದಲ್ಲಿ ಬರೆದು ಅತಿಥಿ ಸೇವೆಗೆ ಕೊಡಿ, ಪ್ರಯಾಣದ ನಂತರ ಬರುವ ಪ್ರಶ್ನಾವಳಿಯಲ್ಲೂ ಬರೆಯಿರಿ. ನಗದು ಕೊಟ್ಟರೂ ಈ ಬರಹವನ್ನು ತಪ್ಪಿಸಬೇಡಿ. ಅದಕ್ಕಾಗಿ ಕಬಾನಾಕ್ಕೆ ಕಾಲಿಟ್ಟ ಕೂಡಲೇ ಎದೆಯ ಬಿಲ್ಲೆಯನ್ನು ಓದಿ, ಮೊಬೈಲ್‌ನಲ್ಲಿ ಹೆಸರು ಬರೆದಿಟ್ಟುಕೊಳ್ಳಿ.