ವಾಷಿಂಗ್ ಮಷಿನ್: ಬೋರ್ಡ್ ಬದಲಿಸುವ ಮುನ್ನ

ಪ್ರಶ್ನೆ: ನಮ್ಮದು ಐದು ವರ್ಷ ಹಳೆಯ ಫ್ರಂಟ್ ಲೋಡ್ ವಾಷಿಂಗ್ ಮಷಿನ್. ಹದಿನೈದು ದಿನಗಳಿಂದ ಬಟ್ಟೆ ಒಗೆದ ಮೇಲೆ ನೀರು ಒಳಗೇ ನಿಲ್ಲುತ್ತಿದೆ. ಬಟ್ಟೆ ಹಿಂಡುವುದಿಲ್ಲ, ಬಾಗಿಲೂ ತೆರೆಯುವುದಿಲ್ಲ. ನೋಡಲು ಬಂದ ಮೆಕ್ಯಾನಿಕ್ ಏನನ್ನೂ ಬಿಚ್ಚದೆಯೇ, ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಎಂದರು. ಬದಲಾಯಿಸಬೇಕೇ?
– ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದಿರುವ ಮೂರೂ ತೊಂದರೆಗಳ ಮೂಲ ಒಂದೇ ಇರುವಂತಿದೆ. ಡ್ರಮ್ಮಿನಲ್ಲಿ ಎಷ್ಟು ನೀರಿದೆ ಎಂಬುದನ್ನು ಪ್ರೆಷರ್ ಸ್ವಿಚ್ ಅಳೆಯುತ್ತಿರುತ್ತದೆ. ನೀರು ಖಾಲಿಯಾಗಿದೆ ಎಂಬ ಸೂಚನೆ ಅದರಿಂದ ಬಾರದ ಹೊರತು ಬೋರ್ಡ್ ಡ್ರಮ್ಮನ್ನು ವೇಗವಾಗಿ ತಿರುಗಲು ಬಿಡುವುದಿಲ್ಲ, ಬಾಗಿಲಿನ ಲಾಕನ್ನೂ ಸಡಿಲಿಸುವುದಿಲ್ಲ. ಹೀಗಾಗಿ ನಿಮ್ಮ ಬೋರ್ಡ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರಬಹುದು. ನೀರು ಏಕೆ ಹೊರಹೋಗುತ್ತಿಲ್ಲ ಎಂಬುದನ್ನು ಮೊದಲು ಹುಡುಕಬೇಕು.

ಡ್ರೇನ್ ಅಥವಾ ಸ್ಪಿನ್ ಮಾತ್ರ ಆಯ್ದು ಯಂತ್ರವನ್ನು ಚಾಲೂ ಮಾಡಿ, ಕೆಳಭಾಗಕ್ಕೆ ಕಿವಿಗೊಡಿ. ಗುಂಯ್ ಎಂಬ ಸದ್ದು ಕೇಳಿಸಿಯೂ ನೀರು ಹೋಗದಿದ್ದರೆ, ನೀರನ್ನು ಹೊರಹಾಕುವ ಪಂಪಿಗೆ ವಿದ್ಯುತ್ ತಲುಪುತ್ತಿದೆ, ದಾರಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಆಗ ಪ್ಲಗ್ ಕಿತ್ತು, ಬಿಸಿನೀರಿನಲ್ಲಿ ಒಗೆದಿದ್ದರೆ ಅದು ಆರುವ ತನಕ ಕಾದು, ಮುಂಭಾಗದ ಕೆಳಮೂಲೆಯಲ್ಲಿರುವ ಸಣ್ಣ ಮುಚ್ಚಳವನ್ನು ತೆರೆಯಿರಿ. ಅಗಲವಾದ ತಟ್ಟೆಯೊಂದನ್ನು ಇಟ್ಟುಕೊಂಡು ಫಿಲ್ಟರನ್ನು ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಒಮ್ಮೆಲೇ ತಿರುಗಿಸಿದರೆ ಡ್ರಮ್ಮಿನ ನೀರೆಲ್ಲ ನೆಲಕ್ಕೆ ಬರುತ್ತದೆ. ನಾಣ್ಯ, ಪಿನ್ನು, ಗುಂಡಿ, ಮಗುವಿನ ಕಾಲುಚೀಲ, ಜೇಬಿನಲ್ಲೇ ಉಳಿದು ಮುದ್ದೆಯಾದ ಬಸ್ ಟಿಕೆಟ್ಟು ಎಲ್ಲವೂ ಬಂದು ಸೇರುವುದು ಅಲ್ಲಿಗೇ. ಫಿಲ್ಟರ್ ತೆಗೆದ ಮೇಲೆ ಒಳಗಿನ ಪುಟ್ಟ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಅದು ತಡೆತಡೆದು ತಿರುಗಿದರೆ ಕೆಟ್ಟಿದೆ ಎಂದು ತಿಳಿಯಬೇಡಿ. ಒಳಗೆ ಆಯಸ್ಕಾಂತವಿರುವುದರಿಂದ ಅದರ ಸ್ವಭಾವವೇ ಹಾಗೆ. ಕೂದಲು, ದಾರ ಸುತ್ತಿಕೊಂಡಿದ್ದರೆ ಬಿಡಿಸಿ. ಹಿಂಬದಿಯ ಡ್ರೇನ್ ಪೈಪು ಗೋಡೆಗೆ ಒತ್ತಿ ಮಡಚಿಕೊಂಡಿದೆಯೇ ಎಂಬುದನ್ನೂ ಗಮನಿಸಿ.

ಪಂಪಿನಿಂದ ಸದ್ದೇ ಇಲ್ಲವಾದರೆ ವಿದ್ಯುತ್ ಪರೀಕ್ಷಿಸುವ ಮಲ್ಟಿಮೀಟರ್ ಬಳಸಬಲ್ಲವರನ್ನು ಕರೆಸಿ. ಪಂಪಿನ ಸುರುಳಿ ತುಂಡಾಗಿದೆಯೇ, ವೈರು ಕಳಚಿದೆಯೇ ಅಥವಾ ಇಲಿ ಕಡಿದಿದೆಯೇ ಎಂಬುದನ್ನು ನೋಡಿ, ಅವೆಲ್ಲ ಸರಿಯಿದ್ದೂ ಪಂಪಿಗೆ ವಿದ್ಯುತ್ ಬರುತ್ತಿಲ್ಲವೆಂದು ಖಚಿತವಾದ ಮೇಲಷ್ಟೇ ಬೋರ್ಡಿನ ಮಾತು.

ಪ್ರಶ್ನೆ: ನಾವು ಮೂರನೆಯ ಮಹಡಿಯಲ್ಲಿದ್ದೇವೆ, ಬೋರ್‌ವೆಲ್ ನೀರು. ಯಂತ್ರಕ್ಕೆ ನೀರು ತುಂಬಲು ಬಹಳ ಹೊತ್ತು ಹಿಡಿದು, ಕೊನೆಗೆ ಎರರ್ ತೋರಿಸಿ ನಿಂತುಬಿಡುತ್ತದೆ.
– ಓದುಗರು, ಬೆಂಗಳೂರು

ಉತ್ತರ: ನಲ್ಲಿಯನ್ನು ನಿಲ್ಲಿಸಿ ಇನ್‌ಲೆಟ್ ಪೈಪನ್ನು ಬಿಚ್ಚಿದರೆ, ಪೈಪು ಯಂತ್ರಕ್ಕೆ ಸೇರುವ ಕಡೆ ಉಗುರಿನಷ್ಟು ಸಣ್ಣ ಜಾಲರಿಯೊಂದು ಕಾಣುತ್ತದೆ. ಬೋರ್‌ವೆಲ್ ನೀರಿನ ಮರಳು ಮತ್ತು ತುಕ್ಕಿನ ಪುಡಿ ಅದನ್ನು ಮುಚ್ಚಿರುತ್ತವೆ. ಇಕ್ಕಳದಿಂದ ಮೆಲ್ಲಗೆ ಹೊರಗೆಳೆದು ಹಳೆಯ ಬ್ರಶ್ಶಿನಿಂದ ತೊಳೆದು ಮತ್ತೆ ಕೂರಿಸಿ. ಜಾಲರಿ ಸ್ವಚ್ಛವಾಗಿದ್ದೂ ನೀರು ನಿಧಾನವಾದರೆ ತೊಟ್ಟಿಯ ಎತ್ತರ ಸಾಲದಿರಬಹುದು. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 1 ಬಾರ್ ಒತ್ತಡವಿರುತ್ತದೆ. ನಿಮ್ಮದು ಮೇಲಿನ ಮಹಡಿಯೇ ಆಗಿದ್ದು, ತೊಟ್ಟಿ ನಲ್ಲಿಗಿಂತ ಎರಡು ಮೀಟರ್ ಮೇಲಿದ್ದರೆ ಸಿಗುವುದು 0.2 ಬಾರ್ ಮಾತ್ರ. ನಿಮ್ಮ ಯಂತ್ರಕ್ಕೆ ಕನಿಷ್ಠ ಎಷ್ಟು ಬೇಕೆಂದು ಕೈಪಿಡಿಯಲ್ಲಿ ನೋಡಿ. ಅಷ್ಟಿಲ್ಲದಿದ್ದರೆ ನೀರನ್ನು ಒಳಬಿಡುವ ವಾಲ್ವ್ ಬದಲಿಸಿ ಪ್ರಯೋಜನವಿಲ್ಲ, ಸಣ್ಣದೊಂದು ಪ್ರೆಷರ್ ಪಂಪು ಹಾಕಿಸಬೇಕು.

ಪ್ರಶ್ನೆ: ನಮ್ಮ ಸೆಮಿ ಆಟೋಮ್ಯಾಟಿಕ್ ಯಂತ್ರದ ಡ್ರೈಯರ್ ಗುಂಯ್‌ಗುಡುತ್ತದೆ, ತಿರುಗುವುದಿಲ್ಲ.
– ಓದುಗರು, ಶಿರಸಿ

ಉತ್ತರ: ಪ್ಲಗ್ ಕಿತ್ತು, ಹಿಂಬದಿಯ ಕವಚವನ್ನು ತೆಗೆದು, ಡ್ರೈಯರಿನ ಮುಚ್ಚಳವನ್ನು ಮುಚ್ಚಿಟ್ಟು ಮೋಟಾರಿನ ಮೇಲಿನ ಬ್ರೇಕ್ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಅದು ಬಿಗಿಯಾಗಿದ್ದರೆ ಬ್ರೇಕನ್ನು ಬಿಡಿಸುವ ತಂತಿ ಸಡಿಲವಾಗಿದೆ ಅಥವಾ ಬಟ್ಟೆ ಹಾಕುವ ಡ್ರಮ್ಮಿನ ಸಂದಿಗೆ ಕರವಸ್ತ್ರದಂಥ ಸಣ್ಣ ಬಟ್ಟೆ ಇಳಿದಿದೆ. ಸಲೀಸಾಗಿ ತಿರುಗಿದರೆ ಅನುಮಾನಿಸಬೇಕಾದದ್ದು ಮೋಟಾರು ತಿರುಗಲು ನೆರವಾಗುವ ಕೆಪಾಸಿಟರನ್ನು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದಾದ್ದರಿಂದ ಅದರ ತುದಿಗಳನ್ನು ನೀವಾಗಿ ಮುಟ್ಟದೆ ಬಲ್ಲವರಿಂದಲೇ ತೆಗೆಸಿ, ಮೇಲೆ ಅಚ್ಚಾಗಿರುವಷ್ಟೇ ಎಂಎಫ್‌ಡಿ (ಕೆಪಾಸಿಟರಿನ ಸಾಮರ್ಥ್ಯದ ಅಳತೆ) ಮತ್ತು ವೋಲ್ಟಿನದನ್ನು ಹಾಕಿಸಿ.